ಮಗುವಿಗೆ ಮಾತು ಅರ್ಥವಾಗುತ್ತಿದೆಯಾ? ಕೈ ಕಟ್ಟಿಕೊಂಡು ಹೇಳಿ ನೋಡಿ

"ನಮ್ಮ ಮಗನಿಗೆ ಎಲ್ಲಾ ಅರ್ಥ ಆಗುತ್ತೆ, ಮಾತು ಮಾತ್ರ ಬರ್ತಿಲ್ಲ. ಏನು ಮಾಡೋಣ?" ನನಗೆ ಈ ಪ್ರಶ್ನೆ ಬರುವಷ್ಟು ಸಲ ಬೇರೆ ಯಾವುದೂ ಬರುವುದಿಲ್ಲ. ಇದರ ಹಿಂದೆಯೇ ಇನ್ನೊಂದು ಬರುತ್ತದೆ: "ಮಗಳು ಒಂದನೇ ಕ್ಲಾಸು. ಪಾಠ ಗಟಗಟ ಓದ್ತಾಳೆ. ಓದಿದ್ದೇನು ಅಂತ ಕೇಳಿದ್ರೆ ಸುಮ್ನೆ ಮುಖ ನೋಡ್ತಾಳೆ."

ಎರಡಕ್ಕೂ ಬೇರು ಒಂದೇ. ಮಗು ಬಾಯಿ ಬಿಟ್ಟು ಆಡಿದ ಮಾತನ್ನು ನಾವು ಲೆಕ್ಕ ಇಡುತ್ತೇವೆ. ಕೇಳಿದ್ದರಲ್ಲಿ ಎಷ್ಟು ಅರ್ಥವಾಯಿತು ಅಂತ ನೋಡುವುದು ಕಡಿಮೆ. ಆದರೆ ಅರ್ಥವಾಗುವುದು ಯಾವತ್ತೂ ಮೊದಲು, ಆಡುವುದು ಆಮೇಲೆ. ವಾಕ್ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟ್‌ಗಳು, ಕೇಳಿ ಅರ್ಥ ಮಾಡಿಕೊಳ್ಳುವುದನ್ನು 'ರಿಸೆಪ್ಟಿವ್ ಲ್ಯಾಂಗ್ವೇಜ್' ಎನ್ನುತ್ತಾರೆ, ಆಡುವುದನ್ನು 'ಎಕ್ಸ್‌ಪ್ರೆಸಿವ್ ಲ್ಯಾಂಗ್ವೇಜ್' ಎನ್ನುತ್ತಾರೆ. ರಿಪೋರ್ಟಿನಲ್ಲಿ ಈ ಪದ ಕಂಡರೆ ಗಾಬರಿಯಾಗಬೇಡಿ, ಇಷ್ಟೇ ಅರ್ಥ.

ಓದುವ ಮಗಳ ವಿಷಯವೂ ಇದೇ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಮಾತು ಅರ್ಥವಾಗುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿದ್ದು ಅರ್ಥವಾಗುವುದು. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಕಾಗುಣಿತ ಎಷ್ಟು ತಿದ್ದಿಸಿದರೂ ಆ ಇನ್ನೊಂದು ಸಂಖ್ಯೆ ಬೆಳೆಯುವುದಿಲ್ಲ. ಅದು ಬೆಳೆಯುವುದು ಮನೆಯ ಮಾತಿನಲ್ಲಿ, ಶಾಲೆಗೆ ಸೇರುವ ಎಷ್ಟೋ ಮುಂಚೆ.

ಈ ಲೇಖನ ಒಂದರಿಂದ ಆರು ವರ್ಷದ ಮಕ್ಕಳಿರುವ ಮನೆಗೆ. ದುಡ್ಡು ಕೊಟ್ಟು ತರಬೇಕಾದ್ದು ಏನೂ ಇಲ್ಲ. ಅಡುಗೆಮನೆ, ನಾಲ್ಕಾರು ಚಿತ್ರದ ಪುಸ್ತಕ, ಟಿ.ವಿ. ಆಫ್ ಆಗಿರುವ ಒಂದಿಷ್ಟು ಹೊತ್ತು, ಇಷ್ಟಿದ್ದರೆ ಸಾಕು. ಹಣ್ಣು, ಪ್ರಾಣಿಗಳ ಚಾರ್ಟು ಈಗಾಗಲೇ ಗೋಡೆ ಮೇಲಿದ್ದರೆ ಇರಲಿ. ಅದಕ್ಕೆ ಈ ಕೆಲಸದಲ್ಲಿ ಪಾತ್ರ ಕಡಿಮೆ.

1. ಮೊದಲು ಕಿವಿ

ಉಳಿದದ್ದೆಲ್ಲ ಇದಾದ ಮೇಲೆ. ಮಗು ಮಾತಿಗೆ ತಿರುಗುತ್ತಿಲ್ಲ, ಹೆಸರು ಕರೆದರೆ ನೋಡುತ್ತಿಲ್ಲ ಅಂದರೆ ಶ್ರವಣ ಪರೀಕ್ಷೆ ಮಾಡಿಸಿ. "ತಟ್ಟೆ ಬಿದ್ರೆ ಬೆಚ್ಚಿ ಬೀಳ್ತಾನೆ, ಕಿವಿ ಚೆನ್ನಾಗಿದೆ" ಎನ್ನುವವರೇ ಜಾಸ್ತಿ. ಸ್ಟೀಲ್ ತಟ್ಟೆಯ ಸದ್ದು ಎಲ್ಲಿ, 'ಸೊಪ್ಪು' ಅನ್ನುವಾಗಿನ 'ಸ' ಎಲ್ಲಿ! ದೊಡ್ಡ ಸದ್ದು ಕೇಳಿಸಿದ ಮಾತ್ರಕ್ಕೆ ಮಾತಿನ ಸಣ್ಣ ಸದ್ದುಗಳು ಕೇಳಿಸುತ್ತವೆ ಅಂತಲ್ಲ.

ಹುಟ್ಟಿದಾಗ ಮಾಡುವ ಒಎಇ ಪರೀಕ್ಷೆ ಪಾಸಾಗಿದ್ದರೂ ಮತ್ತೆ ನೋಡಿಸಬೇಕಾಗಬಹುದು. (ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟು ಒಳಕಿವಿಯಿಂದ ಮರಳುವ ಸದ್ದನ್ನು ಅಳೆಯುವುದೇ ಒಎಇ.) ಪದೇ ಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ನಿಲ್ಲುವುದುಂಟು. ಆಗ ಒಂದು ವಾರ ಕೇಳಿಸುತ್ತದೆ, ಇನ್ನೊಂದು ವಾರ ಮಂದವಾಗುತ್ತದೆ. ಮನೆಯವರು "ಬೇಕಾದಾಗ ಮಾತ್ರ ಕೇಳಿಸುತ್ತೆ ಇವನಿಗೆ" ಅಂತ ಬೈಯುತ್ತಾರೆ, ಪಾಪ.

ಕಿವಿಗೆ ಬೆಚ್ಚಗಿನ ಎಣ್ಣೆ ಬಿಡಬೇಡಿ. ಮಾತು ಬರಲಿ ಅಂತ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವುದೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಅಪಾಯ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವನ್ನು ಎಳೆಯ ಕರುಳು ತಡೆಯಲಾರದು. ನಾಲಿಗೆಯ ಕೆಳಗಿನ ದಾರ ಬಿಗಿಯಾಗಿದೆ, ಕತ್ತರಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಒಂದು ಮಾತು ನೆನಪಿಡಿ. ನಾಲಿಗೆ ಬಿಗಿಯಾಗಿದ್ದರೆ ಕೆಲವು ಉಚ್ಚಾರಣೆ ಕಷ್ಟವಾಗಬಹುದು, ಕೇಳಿದ ಮಾತು ಅರ್ಥವಾಗದೇ ಇರುವುದಕ್ಕೆ ನಾಲಿಗೆ ಕಾರಣವಲ್ಲ.

2. ಕೈ ಕಟ್ಟಿಕೊಂಡು ಹೇಳಿ

ಈಗ "ಎಲ್ಲಾ ಅರ್ಥ ಆಗುತ್ತೆ" ಅನ್ನುವ ಮಾತಿಗೆ ಬರೋಣ. ನೀವು ಮಗುವಿಗೆ "ಚಪ್ಪಲಿ ತಗೊಂಡು ಬಾ" ಅನ್ನುವಾಗ ನಿಮ್ಮ ಕೈ ಎಲ್ಲಿರುತ್ತದೆ? ಬಾಗಿಲ ಕಡೆ. ಕಣ್ಣು? ಚಪ್ಪಲಿಯ ಮೇಲೆ. ಅಷ್ಟರಲ್ಲಿ ನೀವು ಬ್ಯಾಗೂ ಹೆಗಲಿಗೆ ಹಾಕಿಕೊಂಡಿರುತ್ತೀರಿ. ಮಗುವಿಗೆ ಅರ್ಥವಾಗಿದ್ದು ಮಾತೋ, ಸನ್ನಿವೇಶವೋ? ಮಕ್ಕಳು ಬಲು ಚುರುಕು. ಒಂದು ಪದವೂ ತಿಳಿಯದೆ ದಿನವಿಡೀ ನಿಮ್ಮ ಕೈ ಕಣ್ಣು ನೋಡಿಕೊಂಡೇ ಕೆಲಸ ನಡೆಸಬಲ್ಲರು.

ಅದಕ್ಕೇ ಹೀಗೆ ಮಾಡಿ. ಹೊರಗೆ ಹೋಗುವ ಹೊತ್ತಲ್ಲದೆ ಬೇರೆ ಹೊತ್ತಿನಲ್ಲಿ, ಮಗುವಿನ ಎದುರು ಕೂತು, ಕೈ ಕಟ್ಟಿಕೊಳ್ಳಿ. ಕಣ್ಣು ಮಗುವಿನ ಮುಖದ ಮೇಲೆಯೇ ಇರಲಿ. ಸಹಜ ದನಿಯಲ್ಲಿ ಒಂದೇ ಸಲ ಹೇಳಿ: "ಚಮಚ ಕೊಡು." ಹತ್ತಿರದಲ್ಲಿ ಚಮಚ, ಲೋಟ, ಚೆಂಡು ಮೂರೂ ಇರಲಿ. ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ.

ಸುಮಾರಾಗಿ ಎಷ್ಟು ವಯಸ್ಸಿಗೆ ಏನು? ಒಂದೂಕಾಲು ವರ್ಷದ ಹೊತ್ತಿಗೆ, ಪರಿಚಿತ ವಸ್ತುವಿನ ಹೆಸರು ಹೇಳಿದರೆ ಆ ಕಡೆ ನೋಡುತ್ತದೆ, ಕೈ ಚಾಚಿ ಕೇಳಿದರೆ ಕೊಡುತ್ತದೆ. ಒಂದೂವರೆ ವರ್ಷಕ್ಕೆ ಕೈಸನ್ನೆ ಇಲ್ಲದೆ ಒಂದು ಕೆಲಸದ ಮಾತು ತಿಳಿಯಬೇಕು. ಎರಡಕ್ಕೆ ಪುಸ್ತಕದಲ್ಲಿ "ನಾಯಿ ಎಲ್ಲಿ?" ಅಂದರೆ ಬೆರಳಿಡುತ್ತದೆ, ಮೈಯಲ್ಲಿ ಎರಡು ಭಾಗವಾದರೂ ತೋರಿಸುತ್ತದೆ. ಎರಡೂವರೆಗೆ "ಚೆಂಡು ಇಟ್ಟು ಬಾಗಿಲು ಹಾಕು" ಎಂಬಂಥ ಎರಡು ಕೆಲಸ. ಐದಕ್ಕೆ, ಕೇಳಿದ ಕಥೆಯ ಬಗ್ಗೆ ಸರಳ ಪ್ರಶ್ನೆಗೆ ಉತ್ತರ. ತಿಂಗಳೆರಡು ತಿಂಗಳು ಹಿಂದೆ ಮುಂದೆ ಆಗುವುದು ಇದ್ದದ್ದೇ.

ಇದನ್ನು ದಿನಾ ಮಾಡಬೇಡಿ. ತಿಂಗಳಿಗೊಮ್ಮೆ ಸಾಕು. ಬಂದವರ ಮುಂದೆ "ಮೂಗು ತೋರಿಸು, ಕಣ್ಣು ತೋರಿಸು" ಅಂತ ಪರೀಕ್ಷೆ ಇಡುವುದನ್ನೂ ಬಿಡಿ. ಅದರಿಂದ ಮಗು ಕಲಿಯುವುದು ಬಂದವರು ಬೇಸರ ಅಂತ ಮಾತ್ರ.

3. ಮಾಡುತ್ತಿರುವ ಕೆಲಸವನ್ನೇ ಮಾತಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಸಮಯ ಇದೆ ಅನ್ನುವವರು ಇದನ್ನು ಮಾಡಿ.

ನಾವು ಮಕ್ಕಳಿಗೆ ಕಲಿಸುವುದು ಬರೀ ಹೆಸರುಗಳು. ಸೇಬು, ಆನೆ, ಕೆಂಪು, ಹಸಿರು. ವಾಕ್ಯ ಅರ್ಥವಾಗಬೇಕಾದರೆ ಬೇಕಾಗುವುದು ಕ್ರಿಯಾಪದ. ಅದು ಚಾರ್ಟಿನಲ್ಲಿ ಇರುವುದಿಲ್ಲ, ಕೆಲಸದಲ್ಲಿ ಇರುತ್ತದೆ.

ಅವರೆಕಾಯಿ ಕಾಲ ಅಂದುಕೊಳ್ಳಿ. ಮೊರದ ತುಂಬ ಕಾಯಿ. ಎರಡು ವರ್ಷದ ಮಗು ಪಕ್ಕದಲ್ಲಿ. ಸುಲಿಯುತ್ತಾ ಹೀಗೆ ಮಾತಾಡಿ: "ಕಾಯಿ ಸುಲೀತೀನಿ. ಟಪ್! ಬಿಡ್ತು. ಒಳಗೆ ಏನಿದೆ? ಕಾಳು. ಒಂದು, ಎರಡು, ಮೂರು. ಅಯ್ಯೋ, ಹುಳ! ಬೇಡ, ಬಿಸಾಕು. ಸಿಪ್ಪೆ ಬುಟ್ಟಿಗೆ. ಕಾಳು ಬಟ್ಟಲಿಗೆ. ಕೈ ಮೂಸು, ಸೊಗಡು ಬಂತಾ?" ಸಂಜೆಗೆ ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಹಿಡಿದು: "ಹಿತುಕು. ಪುಚಕ್! ಬೇಳೆ ಹಾರಿಹೋಯ್ತು. ಎಲ್ಲಿಗೆ ಬಿತ್ತು? ಸ್ಟೌ ಕೆಳಗೆ." ಸುಲಿ, ಬಿಸಾಕು, ಮೂಸು, ನೆನೆಸು, ಹಿತುಕು. ಒಂದು ಸಾರಿನ ಹಿಂದೆ ಇಷ್ಟು ಕ್ರಿಯಾಪದ, ಜೊತೆಗೆ ಒಳಗೆ, ಕೆಳಗೆ. ಪ್ರತಿಯೊಂದೂ ಮಗುವಿನ ಬೆರಳಿಗೆ ತಾಗಿ ಬಂದದ್ದು. ಹಿತಕಿದ ಬೇಳೆ ಸಾರು ಲಾಭದಲ್ಲಿ.

ಟಪ್, ಪುಚಕ್, ದಬ್ ಅಂತ, ಜುಳುಜುಳು, ಗರಗರ, ಇಂಥ ಅನುಕರಣ ಪದಗಳನ್ನು ಧಾರಾಳವಾಗಿ ಬಳಸಿ. ಕನ್ನಡದಲ್ಲಿ ಇವಕ್ಕೆ ಬರವಿಲ್ಲ. ಪದ ಗೊತ್ತಿಲ್ಲದ ಮಗುವಿಗೂ ಸದ್ದಿನಿಂದ ಅರ್ಧ ಅರ್ಥ ಸಿಗುತ್ತದೆ. ಮಮ್ಮು, ತಾಚಿ, ಬೌಬೌ ಅನ್ನುವ ಮಗುಮಾತೂ ಶುರುವಿನಲ್ಲಿ ತಪ್ಪಲ್ಲ. ಪಕ್ಕದಲ್ಲೇ ಊಟ, ನಿದ್ದೆ, ನಾಯಿ ಅನ್ನುವುದನ್ನೂ ಸೇರಿಸುತ್ತಾ ಹೋಗಿ.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಕಾಮೆಂಟರಿ ಹೇಳುವವರ ಹಾಗೆ ಉಸಿರು ಬಿಡದೆ ಮಾತಾಡುವುದು. ಚಿಕ್ಕ ವಾಕ್ಯ ಹೇಳಿ, ನಿಲ್ಲಿಸಿ. ಮಗು ನೋಡಿದರೆ, ಬೆರಳು ಮಾಡಿದರೆ, "ಆ" ಅಂದರೆ ಅದೇ ಅದರ ಸರದಿ. ಎರಡು, ಮಗು ನೋಡುತ್ತಿರುವುದು ಹುಳವನ್ನು, ನಾವು ಮಾತಾಡುತ್ತಿರುವುದು ಕಾಳಿನ ಬಗ್ಗೆ. ಮಗುವಿನ ಕಣ್ಣು ಎಲ್ಲಿದೆಯೋ ಅದರ ಬಗ್ಗೆ ಹೇಳಿದರೆ ಮಾತ್ರ ಪದ ಅಂಟುತ್ತದೆ. ಹುಳ ಅಂದರೆ ಹುಳವೇ ಸರಿ.

4. ವಾಕ್ಯದ ಬಾಲ ಹಿಡಿಯುವುದನ್ನು ಕಲಿಸಿ

ಕನ್ನಡದ ವಾಕ್ಯದಲ್ಲಿ ಮುಖ್ಯ ವಿಷಯ ಬರುವುದು ಕೊನೆಗೆ. "ಮುಟ್ಟು", "ಮುಟ್ಟಬೇಡ" ಎರಡೂ 'ಮುಟ್ಟ'ದ ಹತ್ತಿರವೇ ಶುರು. ಬೇಡ ಅನ್ನುವುದು ಬಾಲದಲ್ಲಿದೆ. ಒಂದು ವರ್ಷದ ಮಗು ಮುಟ್ಟಬೇಡ ಅಂದ ಕೂಡಲೇ ಮುಟ್ಟಿತು ಅಂದರೆ ಅದು ಹಟವೇ ಆಗಿರಬೇಕಿಲ್ಲ. ಚಿಕ್ಕವರಿಗೆ "ಬೇಡ. ಬಿಸಿ!" ಅನ್ನಿ. ಬೇಡ ಮೊದಲು ಬರಲಿ.

ಎರಡು ಕೆಲಸ ಹೇಳುವಾಗಲೂ ಕ್ರಮ ನೋಡಿ. "ಚಪ್ಪಲಿ ಬಿಟ್ಟು ಒಳಗೆ ಬಾ" ಸುಲಭ, ಹೇಳಿದ ಕ್ರಮದಲ್ಲೇ ಮಾಡಿದರಾಯಿತು. "ಒಳಗೆ ಬರೋಕೆ ಮುಂಚೆ ಚಪ್ಪಲಿ ಬಿಡು" ಕಷ್ಟ. ಮೊದಲು ಕೇಳಿದ್ದನ್ನು ಆಮೇಲೆ ಮಾಡಬೇಕು. ಮೂರರ ಮಗು ಚಪ್ಪಲಿ ಹಾಕಿಕೊಂಡೇ ನುಗ್ಗಿಬಿಡುತ್ತದೆ. ಮೊದಲ ಬಗೆ ಪಕ್ಕಾ ಆದಮೇಲೆ, ನಾಲ್ಕರ ಸುಮಾರಿಗೆ, ಎರಡನೇ ಬಗೆ ಶುರು ಮಾಡಿ.

ಪ್ರತ್ಯಯಗಳೂ ಬಾಲವೇ. ಪದದ ಕೊನೆಗೆ ಅಂಟುವ ಗೆ, ಅನ್ನು, ಇಂದ, ಅಲ್ಲಿ ಇವೇ ಪ್ರತ್ಯಯ. ಯಾರು ಯಾರಿಗೆ ಏನು ಮಾಡಿದರು ಅನ್ನುವುದು ಇವುಗಳ ಮೇಲೆ ನಿಂತಿದೆ. ವ್ಯಾಕರಣ ಪಾಠ ಬೇಡ, ಆಟ ಸಾಕು. "ಅಜ್ಜಿಗೆ ಕೊಡು", "ಅಜ್ಜಿಯಿಂದ ಇಸ್ಕೊ", ಬೀಗದ ಕೈ ಒಂದೇ, ಓಡಾಟ ಬೇರೆ. ಆಮೇಲೆ ನಾಯಿ, ಬೆಕ್ಕಿನ ಬೊಂಬೆ ತಗೊಳ್ಳಿ. ಬೊಂಬೆ ಇಲ್ಲದಿದ್ದರೆ ಆಲೂಗೆಡ್ಡೆ, ಈರುಳ್ಳಿ ಆದರೂ ಆಯಿತು. "ನಾಯಿ ಬೆಕ್ಕನ್ನ ಓಡಿಸ್ತು" ಅನ್ನಿ, ಮಗು ಮಾಡಿ ತೋರಿಸಲಿ. ಈಗ "ನಾಯಿನ ಬೆಕ್ಕು ಓಡಿಸ್ತು". ನಾಯಿ ಮೊದಲು ಕೇಳಿಸಿತಲ್ಲ, ಚಿಕ್ಕ ಮಗು ನಾಯಿಯಿಂದಲೇ ಓಡಿಸುತ್ತದೆ. ತಪ್ಪು ಅನ್ನಬೇಡಿ. ಬೆಕ್ಕನ್ನು ನೀವೇ ಹಿಡಿದು "ಬೆಕ್ಕು ಓಡಿಸ್ತು, ನಾಯಿ ಪೇರಿ ಕಿತ್ತಿತು" ಅಂತ ಮಾಡಿ ತೋರಿಸಿ. ಬೆಕ್ಕು ನಾಯಿಯನ್ನು ಓಡಿಸುವುದೇ ನಗುವ ವಿಷಯ, ಮತ್ತೆ ಮತ್ತೆ ಕೇಳುತ್ತಾರೆ.

ಮೇಲೆ, ಕೆಳಗೆ, ಒಳಗೆ ಮೊದಲು ಬರುತ್ತವೆ. ಹಿಂದೆ, ಮುಂದೆ, ಮಧ್ಯ ಆಮೇಲೆ. ನಿನ್ನೆ, ನಾಳೆ ಇನ್ನೂ ತಡ. ನಾಲ್ಕರ ಮಗು "ನಾಳೆ ಜಾತ್ರೆಗೆ ಹೋಗಿದ್ವಿ" ಅಂದರೆ ನಕ್ಕು "ಹೌದು, ನಿನ್ನೆ ಹೋಗಿದ್ವಿ" ಅನ್ನಿ, ಅಷ್ಟೇ.

5. ಕಥೆ ಹೇಳಿ, ಅರ್ಧಕ್ಕೆ ನಿಲ್ಲಿಸಿ

ಪುಸ್ತಕ ಓದಿ ಹೇಳುವುದಕ್ಕಿಂತ ಪುಸ್ತಕ ಹಿಡಿದು ಹರಟುವುದು ಹೆಚ್ಚು ಕೆಲಸ ಮಾಡುತ್ತದೆ. ಇದಕ್ಕೆ 'ಡಯಲಾಜಿಕ್ ರೀಡಿಂಗ್' ಅಂತ ಹೆಸರಿದೆ. ನಾವು ಮಾತುಕತೆಯ ಓದು ಅನ್ನೋಣ. ಪುಟ ತಿರುವಿ, ಮಗು ಏನು ನೋಡುತ್ತಿದೆ ನೋಡಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ಉತ್ತರ ಬಂದರೆ ಅದಕ್ಕೆ ಒಂದೆರಡು ಪದ ಸೇರಿಸಿ ವಾಪಸ್ ಹೇಳಿ. "ಕೋತಿ." "ಹ್ಞೂಂ, ಕೋತಿ ಟೋಪಿ ಹಾಕಿಕೊಂಡಿದೆ." ಇಷ್ಟೇ ಗುಟ್ಟು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಕಥೆಗಳನ್ನು ಕಷ್ಟದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಪುಸ್ತಕವೇ ಇಲ್ಲದಿದ್ದರೆ ನಿಮ್ಮ ಅಜ್ಜಿ ಹೇಳಿದ ಕಥೆ ಇದೆಯಲ್ಲ.

ಟೋಪಿ ಮಾರುವವನ ಕಥೆಯನ್ನೇ ತಗೊಳ್ಳಿ. "ಮರದ ಮೇಲೆ ಯಾರಿದ್ದರು?" ಅನ್ನುವುದಕ್ಕೆ ಮೂರರ ಮಗು ಉತ್ತರ ಕೊಡುತ್ತದೆ. ಕಥೆಯಲ್ಲಿ ಹಾಗೇ ಇದೆ. "ಕೋತಿಗಳು ಟೋಪಿ ಯಾಕೆ ಎಸೆದವು?" ಅನ್ನುವುದಕ್ಕೆ ಕಥೆಯಲ್ಲಿ ನೇರ ಉತ್ತರವಿಲ್ಲ. ಅವನು ತನ್ನ ಟೋಪಿ ಎಸೆದ, ಕೋತಿಗಳು ಅಣಕಿಸುತ್ತವೆ, ಎರಡನ್ನೂ ಮಗು ತಾನೇ ಕೂಡಿಸಬೇಕು. ಹೇಳದೆ ಇದ್ದದ್ದನ್ನು ಊಹಿಸಿ ತಿಳಿಯುವುದು ಇದೇ. ಒಂದನೇ ಕ್ಲಾಸಿನ ಆ ಹುಡುಗಿ ತಡವರಿಸುತ್ತಿರುವುದು ಸಾಮಾನ್ಯವಾಗಿ ಇಲ್ಲೇ. ಇಂಥ 'ಯಾಕೆ' ಒಂದು ಕಥೆಗೆ ಒಂದು ಸಾಕು. ಉತ್ತರ ಬರಲಿಲ್ಲವೇ, ನೀವೇ ಹೇಳಿ: "ನನಗನ್ನಿಸುತ್ತೆ, ಅವನನ್ನ ನೋಡಿ ಅಣಕಿಸೋಕೆ ಎಸೆದವು." ನಿಮ್ಮ ತಲೆಯೊಳಗಿನ ಲೆಕ್ಕ ಮಗುವಿಗೆ ಕೇಳಿಸಲಿ.

ಪ್ರಶ್ನೆಗಳಿಗೂ ವಯಸ್ಸಿದೆ. ಏನು, ಯಾರು, ಎಲ್ಲಿ ಮೊದಲು. ಯಾಕೆ, ಹೇಗೆ, ಯಾವಾಗ ಆಮೇಲೆ. "ಯಾವಾಗ ಬಂದೆ?" ಅಂದರೆ "ಬಸ್ಸಲ್ಲಿ" ಅನ್ನುವ ಮಗು ಅಧಿಕಪ್ರಸಂಗ ಮಾಡುತ್ತಿಲ್ಲ, 'ಯಾವಾಗ' ಅದಕ್ಕಿನ್ನೂ ಸಿಕ್ಕಿಲ್ಲ.

ಅದೇ ಕಥೆ ಇಪ್ಪತ್ತನೇ ಸಲ ಕೇಳಿದರೆ ಹೇಳಿ. ನಿಮಗೆ ಬೇಜಾರು, ಗೊತ್ತು. ಹಾಗಾದರೆ ಒಂದು ಕಡೆ ಬೇಕಂತಲೇ ತಪ್ಪು ಹೇಳಿ: "ಆನೆಗಳೆಲ್ಲಾ ಮರ ಹತ್ತಿ ಕೂತಿದ್ವು." ಮಗು ಕಿರುಚಿ ತಿದ್ದಿದರೆ ನಿಮಗೆ ಬೇರೆ ಪರೀಕ್ಷೆ ಬೇಡ.

6. ಪರದೆ, ಇಂಗ್ಲಿಷು

ಮೊಬೈಲಿನ ರೈಮ್ಸ್ ನೋಡಿ ಏಬಿಸಿಡಿ, ಬಣ್ಣಗಳನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸುವ ಮಗುವಿಗೆ "ಬಾಗಿಲು ಹಾಕು" ಅರ್ಥವಾಗದೇ ಇರುವುದನ್ನು ಬೇಕಾದಷ್ಟು ಕಂಡಿದ್ದೇನೆ. ವಿಡಿಯೊ ಮಗುವಿನ ಕಣ್ಣು ನೋಡಿ ಕಾಯುವುದಿಲ್ಲ, ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಒಂದು ವರ್ಷದ ಮಗುವಿಗೂ ಅದಕ್ಕಿಂತ ಚಿಕ್ಕವರಿಗೂ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಹೊರದೇಶದಲ್ಲಿರುವ ಮೊಮ್ಮಗುವಿನ ಜೊತೆ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಮಾತಾಡುವುದು ಬೇರೆ ಲೆಕ್ಕ. ಅಲ್ಲಿ ಅಜ್ಜಿ ಉತ್ತರ ಕೊಡುತ್ತಾಳೆ.

ಮನೆಯಲ್ಲಿ ತುಳು, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮಗುವಿಗೆ ಗೊಂದಲವಾಗುತ್ತಾ? ಎರಡು ಮೂರು ಭಾಷೆ ಇದ್ದ ಮಾತ್ರಕ್ಕೆ ಗ್ರಹಿಕೆ ಕೆಡುವುದಿಲ್ಲ. ಪದ ಎಣಿಸುವಾಗ ಎಲ್ಲ ಭಾಷೆಯದ್ದೂ ಕೂಡಿಸಿ ಎಣಿಸಿ. ನನಗೆ ಇಷ್ಟವಾಗದ್ದು ಬೇರೆ. ಶಾಲೆಗೆ ಸೇರಿಸಬೇಕು ಅಂತ ಮನೆಭಾಷೆ ಬಿಟ್ಟು, ತಮಗೇ ಸಲೀಸಿಲ್ಲದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅಷ್ಟಕ್ಕೇ ನಿಲ್ಲುವುದು. ಹಿತುಕು, ಮೂಸು, ಪೇರಿ ಕಿತ್ತಿತು, ಇವೆಲ್ಲ ಆ ಮಗುವಿಗೆ ಎಲ್ಲಿಂದ ಬರಬೇಕು? ನಿಮ್ಮ ಬಾಯಿಗೆ ಯಾವುದು ಸಲೀಸೋ ಅದರಲ್ಲಿ ಮಾತಾಡಿ.

7. ಯಾವಾಗ ತೋರಿಸಬೇಕು

ಒಂದು ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆಗೆ ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ, ಎರಡಕ್ಕೆ ಕೈಸನ್ನೆಯಿಲ್ಲದ ಸರಳ ಮಾತು ತಿಳಿಯದಿದ್ದರೆ ತೋರಿಸಿ. ಮೂರಾದ ಮೇಲೂ ಪ್ರಶ್ನೆಗೆ ಉತ್ತರದ ಬದಲು ಪ್ರಶ್ನೆಯನ್ನೇ ತಿರುಗಿ ಹೇಳುತ್ತಿದ್ದರೂ ("ಹೆಸರೇನು?" "ಹೆಸರೇನು") ತೋರಿಸಿ. ಬರುತ್ತಿದ್ದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ತಡ ಮಾಡಬೇಡಿ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂತ ಮನೆಯಲ್ಲಿ ಹೇಳುತ್ತಾರೆ. ಇರಬಹುದು. ಆದರೆ ಅಪ್ಪ ಮಾತಾಡದೆ ಇದ್ದಾಗ ಅರ್ಥ ಮಾಡಿಕೊಳ್ಳುತ್ತಿದ್ದರಾ ಅಂತ ಅಜ್ಜಿಯನ್ನು ಕೇಳಿ. ಉತ್ತರ ಏನೇ ಬರಲಿ, ಪರೀಕ್ಷೆಯನ್ನು ಮುಂದೂಡಬೇಡಿ.

ಎಲ್ಲಿಗೆ? ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆ ನಿಧಾನವಿದ್ದರೆ ಮುಂದಿನ ಪರೀಕ್ಷೆಗೆ ಕಳಿಸುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಶುರುವಾಗಿದ್ದು 1965ರಲ್ಲಿ. ಜನ ಬಾಯಲ್ಲಿ ಅದು 'ಐಶ್'. ಕಿವಿ, ಮಾತು ಎರಡನ್ನೂ ಅಲ್ಲೇ ನೋಡುತ್ತಾರೆ.

ಹೋಗುವ ಮುಂಚೆ ಮನೆಯಲ್ಲೇ ಎರಡು ಮೂರು ನಿಮಿಷದ ವಿಡಿಯೊ ಮಾಡಿಕೊಳ್ಳಿ, ಮಗು ಆಡುತ್ತಿರುವಾಗ, ನೀವು ಕೈ ಕಟ್ಟಿಕೊಂಡು ಒಂದೆರಡು ಮಾತು ಹೇಳುತ್ತಿರುವಾಗ. ಹೊಸ ಜಾಗದಲ್ಲಿ ಮಗು ಮುದುಡಿ ಕೂತರೆ ಈ ವಿಡಿಯೊ ನೆರವಿಗೆ ಬರುತ್ತದೆ. ತಾಯಿ ಕಾರ್ಡು, ಹುಟ್ಟಿದ ಆಸ್ಪತ್ರೆಯ ಕಾಗದ ಜೊತೆಗಿರಲಿ. ಬೆರಾ ಪರೀಕ್ಷೆ ಹೇಳಿದ್ದರೆ, ಅಂದರೆ ತಲೆಗೆ ಸಣ್ಣ ತಂತಿ ಅಂಟಿಸಿ ಸದ್ದು ಮಿದುಳಿನ ತನಕ ಮುಟ್ಟುತ್ತಿದೆಯಾ ನೋಡುವ ಪರೀಕ್ಷೆ, ಚಿಕ್ಕ ಮಗು ಆಗ ನಿದ್ದೆಯಲ್ಲಿರಬೇಕು. ಎಷ್ಟು ಹೊತ್ತಿಗೆ ಎಬ್ಬಿಸಬೇಕು, ಹಾಲು ಯಾವಾಗ ಕೊಡಬೇಕು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಬಸ್ಸಿನಲ್ಲಿ ಚೆನ್ನಾಗಿ ಮಲಗಿ, ಅಲ್ಲಿಗೆ ಹೋದಮೇಲೆ ಕಣ್ಣರಳಿಸಿ ಕೂತುಬಿಟ್ಟರೆ ಇನ್ನೊಂದು ದಿನ ಬರಬೇಕಾಗುತ್ತದೆ.